ಎಂಟರ ಗಂಟು, ಎರಡೆಳೆ ವೈರು ಮತ್ತು 5.69

ಒಂದು ಗಂಟಿನ ಜಾಡಿನುದ್ದಕ್ಕೂ ಇನ್ನೊಂದನ್ನು ಓಡಿಸಿ ಕಟ್ಟಿದ ಸ್ಯಾಟಲೈಟ್ ಗಂಟಿಗೆ (ಇಲ್ಲಿ ಗಂಟೆಂದರೆ ತುದಿ ಸೇರಿಸಿದ ಗಣಿತದ ಗಂಟು) ಹೈಪರ್ಬಾಲಿಕ್ ಲೆಕ್ಕ, ಅಂದರೆ ಗಂಟಿನ ಸುತ್ತಲ ಜಾಗವನ್ನು ಬಾಗಿದ ಜ್ಯಾಮಿತಿಯಲ್ಲಿ ಅಳೆದು ಘನಫಲ ತೆಗೆಯುವುದು, ಕೂರುವುದಿಲ್ಲ, ಸುಮ್ನೆ ದಂಡ ಅಂತ ಜೊತೆಯ ಮೇಷ್ಟ್ರುಗಳು ಹೇಳುತ್ತಲೇ ಇದ್ದರು. ಕೂತಿದೆ. ಹಾಸನದ ನಮ್ಮ ಮನೆಯ ಊಟದ ಮೇಜಿನ ಮೇಲೇ ಕೂತಿದೆ.

ಮೂರೇ ಕ್ರಾಸಿಂಗ್ (ಎಳೆಯ ಮೇಲೆ ಎಳೆ ದಾಟುವ ಜಾಗ) ಇರುವ ಸರಳ ಗಂಟು ಟ್ರೆಫಾಯಿಲ್‌ನಿಂದ ಶುರು ಮಾಡಿದ್ದೇ ತಪ್ಪು. ಕಟ್ಟಿನಕೆರೆ ಮಾರ್ಕೆಟ್ಟಿನಿಂದ ನೈಲಾನ್ ಹಗ್ಗ ತಂದು ವೈಟ್‌ಹೆಡ್ ಡಬಲ್ ಕಟ್ಟಿದೆ, ಅಂದರೆ ಗಂಟಿನುದ್ದಕ್ಕೂ ಎರಡೆಳೆ ಓಡಿಸಿ ಒಂದು ಕಡೆ ಕೊಂಡಿಯಂತೆ ಸಿಕ್ಕಿಸುವುದು. ಹಗ್ಗ ತಾನಾಗೇ ತಿರುಚಿಕೊಳ್ಳುತ್ತದೆ, ಎಷ್ಟು ಸುತ್ತು ಬಿತ್ತೆಂದು ಗೊತ್ತೇ ಆಗುವುದಿಲ್ಲ. ಆಮೇಲೆ ಕೆಂಪು-ಕಪ್ಪು ಎರಡೆಳೆ ವೈರು ತಂದೆ, ಹತ್ತು ಮೀಟರಿಗೆ ಮುನ್ನೂರು ಚಿಲ್ಲರೆ. ಚಪ್ಪಟೆ ವೈರಲ್ವಾ, ಸುತ್ತು ಬಿದ್ದರೆ ಬಣ್ಣ ಅದಲುಬದಲಾಗಿ ಕಣ್ಣಿಗೆ ಹೊಡೆಯುತ್ತದೆ. ಟ್ರೆಫಾಯಿಲ್‌ನ ರೈದ್ (ಕ್ರಾಸಿಂಗ್‌ಗಳ ಪ್ಲಸ್-ಮೈನಸ್ ಕೂಡಿದ ಮೊತ್ತ) 3. ಅದನ್ನು ಸರಿದೂಗಿಸಲು ಮೂರು ಪೂರ್ತಿ ಸುತ್ತು, ಅಂದರೆ 6 ಕ್ರಾಸಿಂಗ್ ಜಾಸ್ತಿ. ಎರಡೆಳೆಯಾದಾಗ ಒಂದೊಂದು ಕ್ರಾಸಿಂಗ್ ನಾಲ್ಕಾಗಿ 12, ಸುತ್ತಿನ 6, ಕೊಂಡಿಯ 2, ಒಟ್ಟು 20. ನಾಲ್ಕು ಕ್ರಾಸಿಂಗಿನ ಎಂಟರ ಗಂಟಿಗೆ ರೈದ್ ಸೊನ್ನೆ. 16ಕ್ಕೆ 2 ಸೇರಿ 18, ಮುಗೀತು.

ಇದನ್ನು ನೇರವಾಗಿ ಘನಫಲ ಲೆಕ್ಕ ಹಾಕುವ ತಂತ್ರಾಂಶ ಸ್ನ್ಯಾಪ್‌ಪೈಗೆ ಕೊಟ್ಟರೆ ಒಪ್ಪುವುದಿಲ್ಲ, ಎರಡೆಳೆಯನ್ನು ಕೊಳವೆಯಂತೆ ಸುತ್ತುವರಿದ ಟೋರಸ್ (ಬಳೆಯಾಕಾರದ ಮೇಲ್ಮೈ) ನಡುವೆ ಇದೆಯಲ್ಲ. ರೆಜಿನಾ ಎಂಬ ಇನ್ನೊಂದು ತಂತ್ರಾಂಶದಲ್ಲಿ ಆ ಟೋರಸ್ ಹುಡುಕಿ ಕತ್ತರಿಸಲು ಹೋದೆ. ಹಳೇ ಲ್ಯಾಪ್‌ಟಾಪ್ ರಾತ್ರಿಯಿಡೀ ಗುರ್ ಅಂದು ಬೆಳಗ್ಗೆ ಸ್ತಬ್ಧ. ರ‍್ಯಾಮಿಗೆ ಎರಡೂವರೆ ಸಾವಿರ ಸುರಿದೆ. ಆಮೇಲೂ ಹದಿನೈದು ದಿನ ಘನಫಲ ಬರಲಿಲ್ಲ. ಕತ್ತರಿಸಿದ ಕಡೆಯ ಗಡಿಯನ್ನು ಐಡಿಯಲ್ ಮಾಡಿರಲಿಲ್ಲ (ಅನಂತ ದೂರಕ್ಕೆ ತಳ್ಳಿರಲಿಲ್ಲ), ಅಷ್ಟೇ! ಮಾಡಿದ ಕೂಡಲೇ ಎಂಟರ ಗಂಟಿನ ತುಂಡು 2.0299, ಎರಡೆಳೆ ಮತ್ತು ಕೊಂಡಿ ಇರುವ ವೈಟ್‌ಹೆಡ್ ಲಿಂಕಿನ ತುಂಡು 3.6639. ಕೂಡಿದರೆ 5.69. ಕತ್ತರಿಸುವ ಮುಂಚೆ ಜಾಗವನ್ನು ಹೋಳು ಮಾಡಿದ ಚತುರ್ಮುಖಗಳನ್ನು ಕಡಿಮೆ ಮಾಡುವ ಒಂದು ಕೈಚಳಕ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಒಂದು ಎಚ್ಚರ. ವೈರಿನಲ್ಲಿ ಸುತ್ತು ಉಳಿದಿದ್ದರೂ 5.69 ಬರುತ್ತದೆ. ನನಗೆ ಹಾಗೇ ಆಗಿತ್ತು, ಎರಡು ದಿನ ಹಾಳು. ಸುತ್ತು ಹಿಡಿಯಲು ಅಲೆಕ್ಸಾಂಡರ್ ಬಹುಪದಿ (ಚಿತ್ರದಿಂದ ಲೆಕ್ಕ ಹಾಕುವ ಗಂಟಿನ ಗುರುತು) ನೋಡಿ, 1 ಬರಬೇಕು.

ಆಮೇಲೆ ಆ 18 ಕ್ರಾಸಿಂಗನ್ನು ಇಳಿಸಲು ಹೊರಟೆ. ಚಿತ್ರ ಕೆಡಿಸುವುದು, ಮತ್ತೆ ಸರಳ ಮಾಡಿಸುವುದು, ಸುಮಾರು ನಾಲ್ಕು ಸಾವಿರ ಸಲ. 17 ಒಮ್ಮೆಯೂ ಬರಲಿಲ್ಲ. ಬರುವಂತೆಯೂ ಇಲ್ಲ, ಗಣಿತಜ್ಞರಾದ ಕಾಲ್ಫಜಿಯಾನಿ ಮತ್ತು ಲೀ, ‘ಬಣ್ಣದ ಜೋನ್ಸ್ ಬಹುಪದಿ’ ಎಂಬ ಇನ್ನೊಂದು ಗುರುತಿನಿಂದ, ಕನಿಷ್ಠ 18 ಬೇಕೇ ಬೇಕು ಎಂದು ಸಾಧಿಸಿದ್ದಾರೆ. ಘನಫಲದಿಂದ ಅಂಥ ಗಟ್ಟಿ ಮಿತಿ ಸಿಗುವುದಿಲ್ಲ. ಗಣಿತಜ್ಞ ಲ್ಯಾಕನ್‌ಬಿ ಎಲ್ಲ ಸ್ಯಾಟಲೈಟ್ ಗಂಟಿಗೂ ಕೊಟ್ಟ ಮಿತಿಯಲ್ಲಂತೂ ಮೂಲ ಗಂಟಿನ ಕ್ರಾಸಿಂಗ್ ಸಂಖ್ಯೆಯನ್ನು ಹತ್ತು ಲಕ್ಷ ಕೋಟಿಯಿಂದ ಭಾಗಿಸಬೇಕು. ಆದರೆ ಕೈಯಲ್ಲಿ ಬರೆದ ಚಿತ್ರಗಳಲ್ಲಿ ಎರಡು ಕಡೆ ಮೇಲಿನ ಎಳೆ ಕೆಳಗಾಗಿತ್ತು. ಅದನ್ನು ಹಿಡಿದುಕೊಟ್ಟಿದ್ದು ಈ ಘನಫಲವೇ.

ಕೊಂಡಿ ಬಿಚ್ಚಿ ಅರ್ಧ ಸುತ್ತು ಹಾಕಿ 2-ಕೇಬಲ್ಲನ್ನೂ ನೋಡಿದೆ. ಅದಕ್ಕೆ 17 ಕ್ರಾಸಿಂಗ್. ವೈರಿರುವ ತುಂಡಿಗೆ ಘನಫಲವೇ ಇಲ್ಲ, 2.03 ಮಾತ್ರ ಉಳಿಯುತ್ತದೆ. ಇನ್ನೂ ಮೂರು ಮೀಟರ್ ವೈರಿದೆ. ಭಾನುವಾರ ಮೂರೆಳೆಯದು ಕಟ್ಟುತ್ತೇನೆ.