ಒದ್ದೆ ತಲೆ ನೋಡಿ ಬಣ್ಣ ಹೇಳೋದು ಬಿಟ್ಟೆ

ನಾನು ಪಾರ್ಲರ್ ಶುರು ಮಾಡಿದ ಹೊಸದು. ತಮ್ಮ ಮಗಳ ಮದುವೆಗೆ ಎರಡೇ ದಿನ ಇದ್ದಾಗ ಒಬ್ಬ ಆಂಟಿ ಬಂದರು. ಬಣ್ಣ ಹಚ್ಚಿ, ತೊಳೆದು, ಟವೆಲ್‌ನಿಂದ ಒರೆಸಿ ಕನ್ನಡಿ ಹಿಡಿದೆ. ತಲೆಯೆಲ್ಲ ಕಪ್ಪು. ಇಬ್ಬರಿಗೂ ಖುಷಿ.

ಮರುದಿನ ಬೆಳಿಗ್ಗೆಯೇ ವಾಪಸ್ ಬಂದರು. ಬೈತಲೆಯಲ್ಲಿ, ಕಿವಿಯ ಪಕ್ಕ ಬಿಳಿ ಕೂದಲು ಹಾಗೇ ಇತ್ತು. "ನಿನ್ನೆ ಇರಲಿಲ್ಲ ಅಲ್ವಾಮ್ಮ?" ಅಂದರು. ನಿನ್ನೆಯೂ ಇತ್ತು. ಅಲ್ಲಿ ಬಣ್ಣ ಹಿಡಿದೇ ಇರಲಿಲ್ಲ, ಒದ್ದೆಯಲ್ಲಿ ನನಗೆ ಕಾಣಲಿಲ್ಲ. ದುಡ್ಡು ತಗೊಳ್ಳದೆ ಮತ್ತೆ ಹಚ್ಚಿಕೊಟ್ಟೆ. ಆದರೆ ಮನಸ್ಸಿಗೆ ಸಮಾಧಾನ ಆಗಲಿಲ್ಲ.

ಕತ್ತರಿಸಿದ ಕೂದಲಲ್ಲಿ ಮೂರು ಕುಚ್ಚು ಕಟ್ಟಿ ಕಿಟಕಿಯ ಹತ್ತಿರ ಇಟ್ಟೆ. ಒಂದನ್ನು ಹಾಗೇ ಬಿಟ್ಟೆ, ಒಂದನ್ನು ನೀರಲ್ಲಿ ಅದ್ದಿದೆ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ ಸವರಿದೆ. ಒಣ ಕುಚ್ಚು ಬಿಸಿಲಿಗೆ ಕಂದು ಹೊಡೆಯುತ್ತಿತ್ತು. ಉಳಿದೆರಡೂ ಕಡುಕಪ್ಪು. ನೀರಿನದ್ದು ಒಣಗುತ್ತಾ ಮತ್ತೆ ಕಂದಾಯಿತು. ಎಣ್ಣೆಯದ್ದು ಸಂಜೆಯಾದರೂ ಕಪ್ಪಾಗೇ ಇತ್ತು.

ಕಾರಣ ಓದಿ ತಿಳಿದುಕೊಂಡೆ. ಕೂದಲಿನ ಮೈಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರ ಇರುತ್ತದೆ. ಎಳೆಗಳ ನಡುವೆ ಗಾಳಿ. ಬಿದ್ದ ಬೆಳಕು ಅಲ್ಲಿ ಎಲ್ಲ ಕಡೆ ಚೆದುರಿ, ಬಣ್ಣದ ಮೇಲೆ ಮಂಜು ಕವಿದಂತೆ ಕಾಣುತ್ತದೆ. ಬೆಳಕನ್ನು ಬಾಗಿಸುವ ಗುಣಕ್ಕೆ ಒಂದು ಅಳತೆ ಇದೆ: ಗಾಳಿಗೆ 1, ನೀರಿಗೆ 1.33, ಕೂದಲಿಗೆ ಸುಮಾರು 1.55. ಈ ಅಂತರ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ ವಾಪಸ್ಸಾಗುತ್ತದೆ. ನೇರವಾಗಿ ಬಿದ್ದ ಬೆಳಕಲ್ಲಿ, ಗಾಳಿಯಿಂದ ಕೂದಲಿಗೆ ಹೋಗುವಾಗ 100ಕ್ಕೆ ಸುಮಾರು 5 ಪಾಲು ತಿರುಗಿ ಬರುತ್ತದೆ. ನೀರಿನಿಂದ ಕೂದಲಿಗಾದರೆ 1 ಪಾಲೂ ಇಲ್ಲ. ಹೆಚ್ಚು ಬೆಳಕು ಒಳಗೆ ಹೋಗುತ್ತದೆ, ಒಳಗಿನ ಮೆಲನಿನ್, ಅಂದರೆ ಕೂದಲಿಗೆ ಬಣ್ಣ ಕೊಡುವ ವಸ್ತು, ಅದನ್ನು ಹೀರಿಕೊಳ್ಳುತ್ತದೆ. ಎಣ್ಣೆಯ ಅಳತೆ ಸುಮಾರು 1.45, ಕೂದಲಿಗೆ ಇನ್ನೂ ಹತ್ತಿರ. ಅದು ಆರಿಯೂ ಹೋಗುವುದಿಲ್ಲ.

ಬಿಳಿ ಕೂದಲಿನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಅದರಲ್ಲಿ ಮೆಲನಿನ್ ಇಲ್ಲ. ಬಿಳುಪೆಲ್ಲ ಬರುವುದು ಚೆದುರಿದ ಬೆಳಕಿನಿಂದ. ಒದ್ದೆಯಾದರೆ ಗಾಜಿನೆಳೆಯ ಹಾಗಾಗಿ, ಪಕ್ಕದ ಕಪ್ಪು ಕೂದಲಿಗೆ ಅಂಟಿಕೊಂಡು ಮರೆಯಾಗುತ್ತದೆ.

ಈಗ ಶೇಡ್ ಆರಿಸಲು ಬರುವವರಿಗೆ ಎಣ್ಣೆ ಹಚ್ಚದೆ ಬನ್ನಿ ಅಂತ ಮೊದಲೇ ಹೇಳುತ್ತೇನೆ. ತೊಳೆದ ಮೇಲೆ ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸುತ್ತೇನೆ. ಎಷ್ಟೇ ಜನ ಕಾಯುತ್ತಿದ್ದರೂ ಸರಿ. ಆಮೇಲೆ ಕಿಟಕಿಯ ಬೆಳಕಿಗೆ ಕೂರಿಸಿ, ಮೊದಲು ಕಿವಿಯ ಪಕ್ಕ ಬಾಚಿ ನೋಡುತ್ತೇನೆ.