ಶಿರೀನ್: ಒಂದು ಪಾರಸಿ ಹೆಸರಿನ ಜಾಡು ಹಿಡಿದ ನನ್ನ ಅನುಭವ

ಹೆಸರಿನ ಟಿಪ್ಪಣಿ ಬರೆಯುವ ನಮ್ಮ ಕಸುಬಿನಲ್ಲಿ "ಶಿರೀನ್: ಪಾರಸಿ, ಸಿಹಿ" ಎಂದು ಗೀಚಿ ಮುಂದಿನ ಹೆಸರಿಗೆ ಹೋಗುವುದು ವಾಡಿಕೆ. ಇನ್ನೂ ಕೆದಕಿದರೆ ಪ್ರೇಮಕಥೆ ಸಿಗುತ್ತದೆಯೇ ಹೊರತು ಅಂಕಿ ಸಿಗುವುದಿಲ್ಲ ಎಂದು ಜೊತೆಯವರು ತಲೆಯಾಡಿಸಿದ್ದರು. ಸಿಕ್ಕಿತು. ಅರ್ಥ, ಚರಿತ್ರೆ, ಚಲಾವಣೆ (ಎಷ್ಟು ಜನರಿಗೆ ಈ ಹೆಸರಿದೆ ಎನ್ನುವುದು) ಮೂರನ್ನೂ ಬೇರೆ ಬೇರೆ ಕಟ್ಟಿ, ಒಂದರ ಸಾಕ್ಷಿಯನ್ನು ಇನ್ನೊಂದಕ್ಕೆ ಬಳಸದೆ ಹೋದದ್ದಷ್ಟೇ ನನ್ನ ವಿಧಾನ. ಕೇಳಲು ಸುಲಭ. ಸರಿಯಾಗಿ ಕೂರಿಸುವಷ್ಟರಲ್ಲಿ ಸುಮಾರು ಹನ್ನೊಂದು ಸಾವಿರ ರೂಪಾಯಿ ಮತ್ತು ಏಳೆಂಟು ತಿಂಗಳು ಹೋದವು.

ಮೊದಲ ಮೂರು ಸಾವಿರ ಪೂರ್ತಿ ನೀರಿಗೆ. ಹೆಸರುಗಳ ಅರ್ಥದ ಸಿದ್ಧ ಪಟ್ಟಿಯೊಂದನ್ನು ಕೊಂಡಿದ್ದೆ. ಅದರಲ್ಲಿ ಶಿರೀನ್‌ಗೆ "ಸಿಹಿ", "ಸಿಂಹಿಣಿ", "ಮತ್ಸ್ಯಕನ್ಯೆ" ಎಂದು ಮೂರು ಅರ್ಥ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಪಟ್ಟಿ. ಆದರೆ ತಪ್ಪು ಎಲ್ಲಿಂದ ಬಂತು ಎಂದು ಹುಡುಕಿದ್ದರಿಂದಲೇ ದಾರಿ ಸಿಕ್ಕಿತು, ಆ ಮಟ್ಟಿಗೆ ದುಡ್ಡು ವಸೂಲು.

ಸಿಂಹಿಣಿ ಹುಟ್ಟಿದ್ದು ಲಿಪಿಯಿಂದ. ಪಾರಸಿಯಲ್ಲಿ ಹಾಲಿಗೂ ಸಿಂಹಕ್ಕೂ ಬರೆಯುವ ಅಕ್ಷರಗಳು ಒಂದೇ: ಶೀನ್, ಯೆ, ರೆ. ಇಂದಿನ ಟೆಹ್ರಾನಿನ ಉಚ್ಚಾರದಲ್ಲೂ ಎರಡೂ "ಶೀರ್". ಹಳೆಯ ಉಚ್ಚಾರ ಹಾಗಲ್ಲ. ಅಫ್ಘಾನಿಸ್ತಾನದ ಪಾರಸಿಯಾದ "ದರಿ"ಯಲ್ಲಿ, ನಮ್ಮ ಕಡೆಗೆ ಬಂದ ಪಾರಸಿಯಲ್ಲಿ ಹಾಲು "ಶೀರ್", ಸಿಂಹ "ಶೇರ್". ರಂಜಾನಿನ ಶೀರ್ ಖುರ್ಮಾ ಹಾಲು-ಖರ್ಜೂರ, ಸಿಂಹ-ಖರ್ಜೂರವಲ್ಲ. ಹೀಗಾಗಿ ಇರಾನಿ ಹೆಸರಿನ ಅರ್ಥದಲ್ಲಿ ಅನುಮಾನ ಬಂದರೆ ಟೆಹ್ರಾನಿನ ಉಚ್ಚಾರ ಬದಿಗಿಟ್ಟು ಮೊದಲು ಕಾಬೂಲಿನದನ್ನು ನೋಡಿ. ಅಲ್ಲಿ ಈ ಹೆಸರು "ಶೀರೀನ್", "ಶೇರೀನ್" ಅಲ್ಲ. ಅಲ್ಲಿಗೆ ಸಿಂಹ ಹೊರಗೆ.

ಉಳಿದದ್ದು ಹಾಲು. ಮಧ್ಯ ಪಾರಸಿಯಲ್ಲಿ, ಅಂದರೆ ಇಸ್ಲಾಂ ಬರುವ ಮುಂಚಿನ ಪಾರಸಿಯಲ್ಲಿ, ಪದ "ಶೀರೇನ್". ಹಾಲು ಎಂಬ ಪದಕ್ಕೆ "-ಏನ್" ಪ್ರತ್ಯಯ ಸೇರಿ "ಹಾಲಿನಂಥ", ಅಲ್ಲಿಂದ "ಸಿಹಿ" ಎನ್ನುವುದು ನಿಘಂಟುಕಾರರ ವಿವರಣೆ. ಈ ಪ್ರತ್ಯಯವೇ ಮುಂದೆ "-ಈನ್" ಆಯಿತು: ಝರ್ ಎಂದರೆ ಚಿನ್ನ, ಝರ್ರೀನ್, ಸೀಮ್ ಎಂದರೆ ಬೆಳ್ಳಿ, ಸೀಮೀನ್. ಒಂದೇ ಅಚ್ಚಿನ ಮೂರು ಹೆಣ್ಣುಹೆಸರು. ನಸ್ರೀನ್ ಕೂಡ ಇದೇ ಅಚ್ಚು ಎಂದು ಸೇರಿಸಿಬಿಡಬೇಡಿ. ಅದು ಒಂದು ಬಗೆಯ ಗುಲಾಬಿಯ ಹೆಸರು, ಪ್ರತ್ಯಯ ಕಿತ್ತರೆ "ನಸ್ರ್" ಎಂಬ ಲೋಹ ಸಿಗುವುದಿಲ್ಲ. ಇನ್ನೊಂದು: ಪಾರಸಿ ಶೀರ್ ನಮ್ಮ ಕ್ಷೀರದ ದಾಯಾದಿ. ಕನ್ನಡದ ಸಿರಿ ಮಾತ್ರ ಇದಕ್ಕೆ ಏನೂ ಆಗಬೇಕಿಲ್ಲ, ಅದು ಶ್ರೀಯಿಂದ ಬಂದದ್ದು. ಸಿರಿ-ಶಿರೀನ್ ಜೋಡಿಸಿ ಟಿಪ್ಪಣಿ ಬರೆದವರನ್ನು ಕಂಡಿದ್ದೇನೆ, ಅದಕ್ಕೆ ಹೇಳಿದೆ.

ಮತ್ಸ್ಯಕನ್ಯೆಯ ಮೂಲ ಗ್ರೀಕ್. ಗ್ರೀಕಿನಲ್ಲಿ "ಶ" ಧ್ವನಿ ಇಲ್ಲ, ಅದಕ್ಕೆ ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಬರಹಗಾರರ ಕೈಯಲ್ಲಿ ಹೆಸರು "ಸಿರೀನ್" ಆಯಿತು. ಅದನ್ನು ನೋಡಿದ ಯಾರೋ, ಹಾಡಿ ನಾವಿಕರನ್ನು ಸೆಳೆಯುವ, ಮುಂದೆ ಮತ್ಸ್ಯಕನ್ಯೆಯಾಗಿ ಚಿತ್ರಿತಳಾದ ಗ್ರೀಕ್ ಪುರಾಣದ ಸೈರನ್‌ಗೆ ಗಂಟು ಹಾಕಿದ್ದಾರೆ.

ಚರಿತ್ರೆಯ ಭಾಗದಲ್ಲಿ ಕೆಡುವುದು ಒಂದೇ ಕಡೆ, ಕಾವ್ಯವನ್ನು ದಾಖಲೆ ಎಂದುಕೊಂಡಾಗ. "ಶಿರೀನ್ ಅರ್ಮೇನಿಯಾದ ರಾಜಕುಮಾರಿ" ಎಂದು ಎಲ್ಲೆಡೆ ಇದೆ. ಅದು ಗಂಜಾದ ಪಾರಸಿ ಕವಿ ನಿಜಾಮಿ 1180ರ ಸುಮಾರಿಗೆ ಬರೆದ "ಖುಸ್ರೊ ಮತ್ತು ಶಿರೀನ್"ನಿಂದ ಬಂದದ್ದು. ನಿಜವಾದ ಶಿರೀನ್ ಇರಾನಿನ ಸಸಾನಿ ವಂಶದ ದೊರೆ ಎರಡನೇ ಖುಸ್ರೊನ (ಆಳ್ವಿಕೆ 590ರಿಂದ 628) ಕ್ರೈಸ್ತ ರಾಣಿ. ಅರ್ಮೇನಿಯಾದವನೇ ಆದ ಇತಿಹಾಸಕಾರ ಸೆಬಿಯೋಸ್ ಅವಳನ್ನು ನೈಋತ್ಯ ಇರಾನಿನ ಖುಜಿಸ್ತಾನದವಳು ಎನ್ನುತ್ತಾನೆ. ಸಿರಿಯಾಕ್ ಭಾಷೆಯ ಖುಜಿಸ್ತಾನ್ ವೃತ್ತಾಂತ "ಅರಾಮಿಯಳು", ಅಂದರೆ ಅರಾಮಿಕ್ ಮಾತಾಡುವ ಜನರವಳು, ಎನ್ನುತ್ತದೆ. ತಮ್ಮ ಊರಿನ ಹೆಣ್ಣಾಗಿದ್ದರೆ ಅರ್ಮೇನಿಯಾದವರು ಬಿಟ್ಟುಕೊಡುತ್ತಿದ್ದರೇ? ಬೈಜಾಂಟೈನ್ ಲೇಖಕ ಥಿಯೋಫಿಲಾಕ್ಟ್, ಶಿರೀನ್‌ಗೆ ಮಗುವಾಗಲಿ ಎಂದು ಖುಸ್ರೊ ಸಂತ ಸರ್ಜಿಯಸ್‌ಗೆ ಹರಕೆ ಹೊತ್ತು ಕಾಣಿಕೆ ಕಳಿಸಿದ್ದನ್ನು ದಾಖಲಿಸಿದ್ದಾನೆ. ಹೆಸರಿನ ಟಿಪ್ಪಣಿಗೆ ಇಷ್ಟು ಸಾಕು: ಆರನೇ ಶತಮಾನದ ಕೊನೆಯಲ್ಲಿ ಇದು ಆಗಲೇ ಜೀವಂತ ಹೆಣ್ಣುಹೆಸರು, ಕವಿಯ ಕಲ್ಪನೆಯಲ್ಲ.

ಇದೇ ಅರಮನೆಯಲ್ಲಿ ಸಿಂಹವೂ ಇದೆ. ಖುಸ್ರೊನನ್ನು ಕೆಳಗಿಳಿಸಿದ ಮಗ ಶೀರೂಯ, ಹಳೆಯ ರೂಪ ಶೇರೋಯ್. ಅದು ಸಿಂಹದ ಹೆಸರು. ಅಪ್ಪ ಸತ್ತ ಮೇಲೆ ಶಿರೀನ್ ತನಗಾಗಲಿ ಎಂದವನೂ ಅವನೇ ಎನ್ನುತ್ತದೆ ಫಿರ್ದೌಸಿಯ ಶಾಹ್‌ನಾಮಾ. ಅವಳು ವಿಷ ಕುಡಿಯುತ್ತಾಳೆ. ಬರಹದಲ್ಲಿ ಇಬ್ಬರ ಹೆಸರಿನ ಮೊದಲ ಮೂರಕ್ಷರ ಒಂದೇ, ಮೂಲ ಬೇರೆ. ನನ್ನ ವಿಧಾನವನ್ನು ನಂಬದವರ ಮುಂದೆ ಈ ಜೋಡಿಯನ್ನೇ ಇಟ್ಟೆ. ಆಮೇಲೆ ಮಾತು ಕಡಿಮೆಯಾಯಿತು.

ನಿಜಾಮಿಯನ್ನು ಮೂಲೆಗೆ ಹಾಕಿ ಎಂದು ಇದರ ಅರ್ಥವಲ್ಲ. ಹೆಸರು ಹರಡಿದ್ದು ಅವನಿಂದ. ಸುಮಾರು 1010ರಲ್ಲಿ ಮುಗಿದ ಶಾಹ್‌ನಾಮಾದಲ್ಲಿ ಶಿರೀನ್‌ಗೆ ಮನಸೋತ ಕಲ್ಲುಕುಟಿಗ ಫರ್ಹಾದನೇ ಇಲ್ಲ; ನಿಜಾಮಿಯಲ್ಲಿ ಅವನು ಬಂದು, ಶಿರೀನ್‌ಳ ಅರಮನೆಗೆ ಹಾಲು ಹರಿದುಬರಲು ಕಲ್ಲಿನ ಕಾಲುವೆ ಕಡಿಯುತ್ತಾನೆ, ಆಮೇಲೆ ಬಿಸುತೂನ್ ಬೆಟ್ಟ. ಹೆಸರಿನೊಳಗಿನ ಹಾಲು ಕಥೆಯೊಳಗೆ ಕಾಲುವೆಯಾಯಿತು. ಉರ್ದುವಿನಲ್ಲಿ ಅಸಾಧ್ಯ ಕೆಲಸಕ್ಕೆ "ಜೂ-ಎ-ಶೀರ್ ಲಾನಾ", ಹಾಲಿನ ಹೊಳೆ ತರುವುದು, ಎನ್ನುವುದು ಇಲ್ಲಿಂದಲೇ. 1298ರಲ್ಲಿ ದೆಹಲಿಯ ಅಮೀರ್ ಖುಸ್ರೊ ಇದೇ ಕಥೆಯನ್ನು ಶಿರೀನ್‌ಳ ಹೆಸರು ಮುಂದಿಟ್ಟು ಮತ್ತೆ ಬರೆದ. ಬೀದರ್, ಬಿಜಾಪುರದ ದರ್ಬಾರುಗಳ ಭಾಷೆ ಪಾರಸಿಯಾಗಿದ್ದರಿಂದ ದಖ್ಖನ್ನಿಗೆ ಈ ಕಥೆ ಹೊಸದಾಗಿ ಯಾರೂ ಹೊತ್ತು ತರಬೇಕಿರಲಿಲ್ಲ.

ಈಗ ಕೈಕೆಲಸ, ಕಾವ್ಯಗಳಲ್ಲಿ ಈ ಹೆಸರನ್ನು ಹುಡುಕಿ ಎಣಿಸುವುದು. ಪಾರಸಿ ಕಾವ್ಯಗಳ ಪಠ್ಯ ಗಂಜೂರ್ ಎಂಬ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ಇಳಿಸಿಕೊಂಡು ಹುಡುಕಿದರೆ ಮೊದಲು ಸೊನ್ನೆ. ಕಾರಣ "ಯೆ" ಅಕ್ಷರ. ಪಾರಸಿ ಯೆ ಯೂನಿಕೋಡಿನಲ್ಲಿ 06ಸಿಸಿ, ಅರಬ್ಬಿ ಯೆ 064ಎ. ಪದದ ಕೊನೆಯಲ್ಲಿ ಬಂದರೆ ಅರಬ್ಬಿಯದಕ್ಕೆ ಕೆಳಗೆ ಎರಡು ಚುಕ್ಕೆ, ಪಾರಸಿಯದಕ್ಕೆ ಇಲ್ಲ, ಕಣ್ಣಿಗೆ ಗೊತ್ತಾಗುತ್ತದೆ. ಶಿರೀನ್‌ನಲ್ಲಿ ಎರಡೂ ಯೆ ಪದದ ಒಳಗೆ, ಅಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಂತ್ರಕ್ಕೆ ಮಾತ್ರ ಬೇರೆ. ಎರಡು ಯೆ ಎಂದರೆ ನಾಲ್ಕು ಜೋಡಣೆ. ಅಲ್ಲಿಂದಿಲ್ಲಿಂದ ಅಂಟಿಸಿದ ಪಠ್ಯದಲ್ಲಿ ನಾಲ್ಕೂ ಸಿಕ್ಕಾವು. ಹುಡುಕುವ ಮೊದಲು ಇಡೀ ಕಡತದಲ್ಲಿ 064ಎ ತೆಗೆದು 06ಸಿಸಿ ಹಾಕಿ, ಕೆಲಸ ಎರಡು ನಿಮಿಷದ್ದು. ನಾನು ಇದನ್ನು ತಿಳಿಯದೆ ಮೂರು ವಾರ ಹುಣಸೆಹಣ್ಣು ತೊಳೆದೆ. ಹೆಸರಿನಲ್ಲಿ "ಕ" ಇದ್ದರೆ ಕಾಫ್‌ಗೂ ಇದೇ ರೋಗ: ಪಾರಸಿ 06ಎ9, ಅರಬ್ಬಿ 0643.

ಸೊನ್ನೆ ಹೋದ ಮೇಲೆ ಪ್ರವಾಹ. ಶಿರೀನ್ ಪಾರಸಿಯಲ್ಲಿ ದಿನಬಳಕೆಯ ವಿಶೇಷಣ. ಸಿಹಿನೀರು, ಸಿಹಿಮಾತು, "ಶಿರೀನ್ ಬಯಾನ್" ಎಂದರೆ ನಮ್ಮ ಜ್ಯೇಷ್ಠಮಧು, ಎಲ್ಲ ಬಂದು ಬೀಳುತ್ತವೆ. ಅದೇ ಪದ್ಯದಲ್ಲಿ ಖುಸ್ರೊ, ಫರ್ಹಾದ್, ಖುಸ್ರೊನ ಗೆಳೆಯ ಶಾಪೂರ್, ಬಿಸುತೂನ್ ಇವುಗಳಲ್ಲಿ ಒಂದು ಇದ್ದರೆ ಮಾತ್ರ ಹೆಸರು ಎಂದು ಎಣಿಸಿದೆ. ಕವಿಗಳು ಬೇಕೆಂದೇ ಶ್ಲೇಷೆ ಮಾಡುವುದರಿಂದ ಒಂದಿಷ್ಟು ಪದ್ಯಗಳು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಅಂಥ ಹನ್ನೆರಡು ಪುಟ ಪಾರಸಿ ಬಲ್ಲವರಿಗೆ ಕೊಟ್ಟು ಓದಿಸಿದೆ, ಪುಟಕ್ಕೆ ನಾನೂರರಂತೆ. ಇಡೀ ಖರ್ಚಿನಲ್ಲಿ ದುಬಾರಿಯೂ ಇದೇ, ದಂಡವಾಗದ್ದೂ ಇದೇ.

ಅಂತರ್ಜಾಲದಲ್ಲಿ ಎಷ್ಟು ಜನ ಹುಡುಕಿದ್ದಾರೆ ಎನ್ನುವ ಗೆರೆಚಿತ್ರಗಳನ್ನು ನಂಬಿ ಮೊದಲ ಟಿಪ್ಪಣಿ ಕೆಡಿಸಿಕೊಂಡೆ. ಇರಾಕ್ ಗಡಿಯ ಹತ್ತಿರ ಕಸ್ರ್-ಎ-ಶಿರೀನ್ ಎಂಬ ಊರೇ ಇದೆ, 1639ರ ಒಟ್ಟೋಮನ್-ಸಫವಿ ಒಪ್ಪಂದವನ್ನೂ ಆ ಊರ ಹೆಸರಲ್ಲಿ ಕರೆಯುತ್ತಾರೆ. ಟರ್ಕಿಯಲ್ಲಿ ಶಿರಿನ್ ಎಂದರೆ ಮುದ್ದಾದ. ಸ್ಮರ್ಫ್ ಎಂಬ ನೀಲಿ ಗಿಡ್ಡರಿಗೆ ಅಲ್ಲಿ "ಶಿರಿನ್‌ಲೆರ್" ಎಂದು ಹೆಸರು. ಗೆರೆ ಏರಿದ್ದು ಕೂಸಿಗೋ ಕಾರ್ಟೂನಿಗೋ ಹೇಳಲಾಗದು.

ಚಲಾವಣೆಗೆ ಜನನ ಪಟ್ಟಿಯೇ ಗತಿ. ಇರಾನಿನ ನೋಂದಣಿ ಸಂಸ್ಥೆಯ ತಾಣದಲ್ಲಿ ಹೆಸರು ಹಾಕಿದರೆ ಎಷ್ಟು ಮಂದಿ ಎಂದು ತೋರಿಸುವ ವ್ಯವಸ್ಥೆ ಇದೆ, ಆದರೆ ಹೊರದೇಶದಿಂದ ಅದು ತೆರೆದರೆ ಪುಣ್ಯ. ಅಲ್ಲಿನ ವರ್ಷವನ್ನು ನಮ್ಮದಕ್ಕೆ ತಿರುಗಿಸುವಾಗ 621 ಕೂಡಿಸಿ. ಜನವರಿಯಿಂದ ಮಾರ್ಚ್ 20ರ ಸುಮಾರಿನವರೆಗೆ 622. ಎಲ್ಲರೂ ಬೀಳುವ ಗುಂಡಿ ಬೇರೆ ಇದೆ: 1976ರ ಮಾರ್ಚ್‌ನಿಂದ 1978ರವರೆಗೆ ಶಾಹ್ ಸರ್ಕಾರ ಸಾಮ್ರಾಜ್ಯ ಶಕೆ ಹೇರಿತ್ತು. 1355 ಇದ್ದದ್ದು ರಾತ್ರಿ ಬೆಳಗಾಗುವುದರಲ್ಲಿ 2535. ಆ ಕಾಲದ ಕಾಗದದಲ್ಲಿ 2536 ಎಂದಿದ್ದರೆ 1180 ಕಳೆಯಿರಿ, 1356 ಬರುತ್ತದೆ, ಅಂದರೆ 1977. ಇಲ್ಲದಿದ್ದರೆ ಕೂಸು ಇನ್ನೂ ಹುಟ್ಟಬೇಕು.

ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಯ ಕಡತ 1880ರಿಂದ ಇದೆ, ಬಿಟ್ಟಿ. ಜನಪ್ರಿಯ ಸಾವಿರ ಹೆಸರಿನ ಪಟ್ಟಿ ಮುಟ್ಟಲೇಬೇಡಿ, ಪೂರ್ತಿ ಕಡತ ಇಳಿಸಿ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಕೂಸುಗಳಿಗೆ ಇಟ್ಟ ಕಾಗುಣಿತ ಅದರಲ್ಲೂ ಇರುವುದಿಲ್ಲ. ಇಂಗ್ಲೆಂಡ್-ವೇಲ್ಸ್ ಪಟ್ಟಿಯಲ್ಲಿ ಈ ಗೆರೆ ಮೂರು. ಹಾಳಾಗುವುದು ಇಲ್ಲೇ, ಏಕೆಂದರೆ ರೋಮನ್ ಲಿಪಿಯಲ್ಲಿ ಶಿರೀನ್ ಚೂರುಚೂರು. ಒಂಟಿ ಐ, ಡಬಲ್ ಇ, ಕೊನೆಗೊಂದು ಇ, ಮೊದಲಿಗೆ "ಶೆ", ಲೆಬನಾನಿನ ಫ್ರೆಂಚ್ ಪದ್ಧತಿಯಲ್ಲಿ ಸಿ-ಎಚ್, ಜರ್ಮನಿಯ ಎಸ್-ಸಿ-ಎಚ್, ಚಿಹ್ನೆ ಉದುರಿದ ಟರ್ಕಿಯ ಎಸ್. ನಾನು ಎಂಟು ರೂಪ ಹಿಡಿದೆ. ಒಂದು ವರ್ಷ ಅದರಲ್ಲಿ ಐದು ರೂಪ ಕಡತದಲ್ಲಿ ಇಲ್ಲದಿದ್ದರೆ ಒಂದೊಂದರಲ್ಲೂ ನಾಲ್ಕು ಕೂಸುಗಳವರೆಗೆ ಅಡಗಿರಬಹುದು, ಅಂದರೆ 20. ಆದ್ದರಿಂದ ಒಂದೇ ಅಂಕಿ ಬರೆಯಬೇಡಿ. ಕಂಡ ಮೊತ್ತ ಕೆಳಗಿನ ಗೆರೆ, ಅಡಗಿರಬಹುದಾದ್ದನ್ನು ಕೂಡಿಸಿದರೆ ಮೇಲಿನ ಗೆರೆ, ಐದೈದು ವರ್ಷ ಒಟ್ಟು ಮಾಡಿ, ಲಕ್ಷ ಹೆಣ್ಣುಕೂಸಿಗೆ ಇಷ್ಟು ಎಂದು ತೋರಿಸಿ. ಬಿಡಿ ರೂಪದಲ್ಲಿ ಗರಗಸದ ಹಲ್ಲಿನಂತೆ ಕುಣಿಯುತ್ತಿದ್ದ ಗೆರೆ ಹೀಗೆ ಮಾಡಿದ ಮೇಲೆ ಒಂದು ಆಕಾರಕ್ಕೆ ಬಂತು.

ಎಂಟೂ ರೂಪಕ್ಕೆ ಒಂದೇ ತೂಕ ಕೊಟ್ಟರೆ ಮತ್ತೆ ಕೆಡುತ್ತದೆ. ಶೆರೀನ್ ರೂಪದಲ್ಲಿ ಪಾರಸಿಗೆ ಸಂಬಂಧವೇ ಇಲ್ಲದ, ಶೆರಿ-ಶರನ್ ಮಾದರಿಯ ಹೆಸರುಗಳು ಬೆರೆತಿವೆ. ಅವುಗಳಲ್ಲಿ ಎಷ್ಟು ಪಾಲು ನಮ್ಮದು ಎಂದು ತೂಗಲು ಒಂದು ಉಪಾಯ ಇಟ್ಟುಕೊಂಡಿದ್ದೇನೆ. ರಾಜ್ಯವಾರು ಕಡತದಿಂದ ಶುರುವಾಗುತ್ತದೆ ಎಂದಷ್ಟೇ ಹೇಳುತ್ತೇನೆ, ಉಳಿದದ್ದು ಹೊಟ್ಟೆಪಾಡು. ಇನ್ನೊಂದು ವಿಷಯ, ಆ ಪಟ್ಟಿ ಅಮೆರಿಕದಲ್ಲೇ ಹುಟ್ಟಿದವರದ್ದು. ಹಮದಾನಿನಲ್ಲಿ 1947ರಲ್ಲಿ ಹುಟ್ಟಿ 2003ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಶಿರೀನ್ ಇಬಾದಿ, ಕಜ್ವೀನಿನಲ್ಲಿ 1957ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಕಲಾವಿದೆ ಶಿರೀನ್ ನೆಶಾತ್, ಇವರ ಪೀಳಿಗೆಯ ವಲಸಿಗರು ಅದರಲ್ಲಿ ಇಲ್ಲವೇ ಇಲ್ಲ. ಬೀದಿಯಲ್ಲಿ ಕೇಳುವ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಪಟ್ಟಿಯನ್ನು ಬೈಯಬೇಡಿ.

ಹುರುಪಿನಲ್ಲಿ ನಮ್ಮ ಕಡೆಯ ಮತದಾರರ ಪಟ್ಟಿಯಲ್ಲೂ ಕೈಯಾಡಿಸಿದೆ. ವಯಸ್ಸು ಇರುತ್ತದೆ, ದಶಕವಾರು ಲೆಕ್ಕ ತೆಗೆಯಬಹುದು ಎಂಬ ಆಸೆ. ಪಿಡಿಎಫ್ ಚಿತ್ರರೂಪದ್ದು, ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಎರಡು ಸಾವಿರ ತೆತ್ತೆ. ಅದು ದೀರ್ಘದ ಚಿಹ್ನೆಯನ್ನು ನುಂಗುತ್ತದೆ: ಶಿರೀನ್, ಶೀರಿನ್, ಶಿರಿನ್ ಎಲ್ಲ ಒಂದೇ ಆಗಿಬಿಡುತ್ತವೆ. ಈ ಕೆಲಸಕ್ಕೆ ಅದು ವರವೇ. ಕೆಟ್ಟದ್ದು ಬೇರೆ ಕಡೆ, "ಶಿ" ಹೋಗಿ "ಸಿ" ಆದಾಗ ಸಿರಿ, ಸಿರಿನಾ ಎಲ್ಲ ನುಗ್ಗಿದವು. ಸಂಬಂಧಿಯ ಹೆಸರಿನ ಕಂಬಸಾಲಿನಲ್ಲಿ ತಾಯಿಯಾಗಿ ಬಂದ ಶಿರೀನ್ ಎರಡೆರಡು ಸಲ ಎಣಿಕೆಗೆ ಬಂದಳು. ಆ ಸಾಲನ್ನು ಮೊದಲೇ ಕತ್ತರಿಸಿ. ಶಿರೀನ್ ತಾಜ್, ಶಿರೀನ್ ಬಾನು ಎಂಬ ಜೋಡಿಹೆಸರುಗಳನ್ನು ಒಡೆದು ಮೊದಲ ಭಾಗ ಮಾತ್ರ ಇಟ್ಟುಕೊಳ್ಳಿ. ಯಾರ ವಿವರವನ್ನೂ ಉಳಿಸಿಕೊಳ್ಳದೆ ಎಣಿಕೆ ಮಾತ್ರ ಇಟ್ಟೆ, ಮಾದರಿ ಚಿಕ್ಕದಾದ್ದರಿಂದ ಅಂಕಿ ಇಲ್ಲಿ ಹಾಕುವುದಿಲ್ಲ. ಪಾರ್ಸಿಗಳ ಶಿರೀನ್, ದಖ್ಖನಿ ಮುಸ್ಲಿಮರ ಶಿರೀನ್, ಕೇರಳದ ಕ್ರೈಸ್ತರ ಶೆರಿನ್ ಮೂರೂ ಬೆಂಗಳೂರಿನ ಒಂದೇ ವಾರ್ಡಿನಲ್ಲಿ ಸಿಕ್ಕಾಗ ಯಾವುದನ್ನು ಯಾವ ಬುಟ್ಟಿಗೆ ಹಾಕುವುದು ಎನ್ನುವುದು ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಮೂರನ್ನೂ ಒಂದೇ ಬುಟ್ಟಿಯಲ್ಲಿಟ್ಟು, ಕಾಗುಣಿತದ ಕಾಲಂ ಮಾತ್ರ ಬೇರೆ ಇಟ್ಟಿದ್ದೇನೆ.