ಹೊಸ ಕ್ಯಾಮೆರಾ: ಮೊದಲ ಗಂಟೆ ಕಾರ್ಡಿಗೂ ಗಡಿಯಾರಕ್ಕೂ ಮೀಸಲಿರಲಿ

ಮಗುವಿನ ನಾಮಕರಣದ ಫೋಟೊಗಳು ಕಾರ್ಡಿನಿಂದ ಮಾಯವಾದರೆ ಅವನ್ನು ಮತ್ತೆ ತೆಗೆಯಲು ಬರುವುದಿಲ್ಲ. ಫೋಕಸ್ ತುಸು ತಪ್ಪಿದ, ಬೆಳಕು ಸಾಲದ ಚಿತ್ರವಾದರೂ ಆಲ್ಬಮ್ಮಿನಲ್ಲಿ ಉಳಿಯುತ್ತದೆ, ಕಳೆದುಹೋದದ್ದು ಉಳಿಯುವುದಿಲ್ಲ. ಹಾಗಾಗಿ ಕ್ಯಾಮೆರಾ ಮನೆಗೆ ಬಂದ ದಿನ ಅಪರ್ಚರ್, ಶಟರ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಕಾರ್ಡ್, ಬ್ಯಾಟರಿ, ಗಡಿಯಾರ ಈ ಮೂರನ್ನು ಸರಿ ಮಾಡಿಕೊಳ್ಳಿ. ಎಸ್‌ಡಿ ಕಾರ್ಡ್ ಬಳಸುವ, 24 ಮೆಗಾಪಿಕ್ಸೆಲ್ ಆಸುಪಾಸಿನ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾವನ್ನು ಇಟ್ಟುಕೊಂಡು ಇಲ್ಲಿ ವಿವರ ಕೊಟ್ಟಿದ್ದೇವೆ. ಕ್ಯಾನನ್, ನಿಕಾನ್, ಸೋನಿ ಯಾವುದೇ ಇರಲಿ, ಮೆನುವಿನಲ್ಲಿ ಹೆಸರುಗಳು ಬದಲಾಗುತ್ತವೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಎಂಥ ಕಾರ್ಡ್ ಕೊಳ್ಳಬೇಕು?

ಕಾರ್ಡಿನ ಮೇಲೆ ಚಿಕ್ಕ ಅಕ್ಷರದಲ್ಲಿ ಬರೆದದ್ದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಬರೀ ಎಸ್‌ಡಿ ಎಂದಿದ್ದರೆ 2 ಜಿಬಿವರೆಗಿನದು, ಎಸ್‌ಡಿಎಚ್‌ಸಿ ಎಂದರೆ 32 ಜಿಬಿವರೆಗಿನದು, ಎಸ್‌ಡಿಎಕ್ಸ್‌ಸಿ ಎಂದರೆ ಅದಕ್ಕೂ ಮೇಲೆ 2 ಟಿಬಿವರೆಗಿನದು. ಈಗಿನ ಕ್ಯಾಮೆರಾಗಳು ಈ ಮೂರನ್ನೂ ಓದುತ್ತವೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಮಾತ್ರ ಗಮನಿಸಬೇಕು. ಎಸ್‌ಡಿಎಕ್ಸ್‌ಸಿ ಬಂದದ್ದು 2009ರಲ್ಲಿ. ಅದಕ್ಕಿಂತ ಹಳೆಯ ಕ್ಯಾಮೆರಾಕ್ಕೆ 64 ಜಿಬಿ ಕಾರ್ಡ್ ಹಾಕಿದರೆ ‘ಈ ಕಾರ್ಡ್ ಬಳಸಲಾಗದು’ ಎಂಬ ಸಂದೇಶ ಬರುತ್ತದೆ. ಆಗ ಕಾರ್ಡೂ ಕೆಟ್ಟಿಲ್ಲ, ಕ್ಯಾಮೆರಾವೂ ಕೆಟ್ಟಿಲ್ಲ. 32 ಜಿಬಿ ಅಥವಾ ಇನ್ನೂ ಚಿಕ್ಕ ಕಾರ್ಡ್ ತಂದರೆ ಆಯಿತು.

ಇನ್ನು ವೇಗ. ದೊಡ್ಡದಾಗಿ ಅಚ್ಚಾಗಿರುವ 100, 170, 200 ಎಂಬ ಅಂಕಿಗಳು ಸೆಕೆಂಡಿಗೆ ಇಷ್ಟು ಎಂಬಿ ಓದಬಲ್ಲದು ಎಂದು ಹೇಳುತ್ತವೆ, ಅದೂ ಗರಿಷ್ಠ. ಚಿತ್ರವನ್ನು ಕಂಪ್ಯೂಟರಿಗೆ ಎಳೆದುಕೊಳ್ಳುವಾಗ ಇದು ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾಕ್ಕೆ ಬೇಕಾದದ್ದು ಬರೆಯುವ ವೇಗ, ಅದರಲ್ಲೂ ಎಂದೂ ಇಳಿಯದ ಕನಿಷ್ಠ ವೇಗ. ಅದನ್ನು ಹೇಳುವುದು ಚಿಕ್ಕ ಗುರುತುಗಳು: ವೃತ್ತದೊಳಗಿನ 10 ಅಥವಾ ಯು1 ಎಂದರೆ ಸೆಕೆಂಡಿಗೆ 10 ಎಂಬಿ, ಯು3 ಅಥವಾ ವಿ30 ಎಂದರೆ 30 ಎಂಬಿ, ವಿ60 ಮತ್ತು ವಿ90 ಎಂದರೆ 60 ಮತ್ತು 90 ಎಂಬಿ. ಸಾಮಾನ್ಯ ಕ್ಯಾಮೆರಾದ 4ಕೆ ವಿಡಿಯೊ ಹೆಚ್ಚಾಗಿ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಬರುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ ಆಯಿತು. ಯು1 ಕಾರ್ಡ್ ಇದಕ್ಕೆ ಸಾಲದು, ರೆಕಾರ್ಡಿಂಗ್ ನಡುವೆಯೇ ನಿಲ್ಲಬಹುದು. ವಿ30 ಇದ್ದರೆ ನಿಶ್ಚಿಂತೆ. ಮನೆಬಳಕೆಗೆ ವಿ90 ಕೊಳ್ಳಲು ಹಣ ಸುರಿಯಬೇಕಾಗಿಲ್ಲ. ಹಕ್ಕಿ ಹಾರುವುದನ್ನು ಸೆಕೆಂಡಿಗೆ ಹತ್ತಾರು ಚಿತ್ರದಂತೆ ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಕಚ್ಚಾ ರೂಪದಲ್ಲಿ, ತೆಗೆಯುವವರಿಗೆ ಅದು ಬೇಕಾದೀತು. ಆಗಲೂ ಕ್ಯಾಮೆರಾದ ಸ್ಲಾಟ್ ಯುಎಚ್‌ಎಸ್-2 ಆಗಿರಬೇಕು. ಅಂಥ ಕಾರ್ಡಿನ ಬೆನ್ನಿಗೆ ಎರಡು ಸಾಲು ಚಿನ್ನದ ಬಣ್ಣದ ಪಟ್ಟಿಗಳಿರುತ್ತವೆ. ಒಂದೇ ಸಾಲು ಓದುವ ಸ್ಲಾಟಿನಲ್ಲಿ ಅದು ಮಾಮೂಲಿ ಕಾರ್ಡಿನಂತೆಯೇ ಕೆಲಸ ಮಾಡುತ್ತದೆ.

ಎಷ್ಟು ಜಿಬಿ ಬೇಕು? 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಳ್ಳೆಯ ಗುಣಮಟ್ಟದ ಜೆಪೆಗ್ ಚಿತ್ರ ಸುಮಾರು 10 ಎಂಬಿ, ರಾ ಚಿತ್ರ 25ರಿಂದ 30 ಎಂಬಿ. 64 ಜಿಬಿ ಕಾರ್ಡಿನಲ್ಲಿ ಜೆಪೆಗ್ ಆದರೆ ಆರು ಸಾವಿರದಷ್ಟು, ರಾ ಆದರೆ ಎರಡು ಸಾವಿರದಷ್ಟು ಚಿತ್ರ ಹಿಡಿಸುತ್ತವೆ. 4ಕೆ ವಿಡಿಯೊ ಆದರೆ ಸುಮಾರು 85 ನಿಮಿಷ. ನಮ್ಮ ಸಲಹೆ, ಒಂದು 128 ಜಿಬಿ ಕಾರ್ಡಿನ ಬದಲು ಎರಡು 64 ಜಿಬಿ ಕಾರ್ಡ್ ತೆಗೆದುಕೊಳ್ಳಿ. ಮುಹೂರ್ತದ ಚಿತ್ರ ಒಂದರಲ್ಲಿ, ಆರತಕ್ಷತೆಯದು ಇನ್ನೊಂದರಲ್ಲಿ ಇದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಎರಡು ಸ್ಲಾಟ್ ಇರುವ ಕ್ಯಾಮೆರಾ ನಿಮ್ಮದಾದರೆ ಪ್ರತಿ ಚಿತ್ರವೂ ಎರಡೂ ಕಾರ್ಡಿಗೆ ಹೋಗುವಂತೆ ಬ್ಯಾಕಪ್ ಆಯ್ಕೆ ಹಾಕಿಡಿ. ಫೋನಿನ ಮೈಕ್ರೊ ಎಸ್‌ಡಿ ಕಾರ್ಡನ್ನು ಅಡಾಪ್ಟರಿನಲ್ಲಿ ತೂರಿಸಿ ಬಳಸಬೇಡಿ. ಕೆಲಸವೇನೋ ಮಾಡುತ್ತದೆ, ಆದರೆ ಸಡಿಲವಾಗುವ ಜಾಗ ಒಂದಿದ್ದದ್ದು ಎರಡಾಗುತ್ತದೆ.

ನಕಲಿ ಕಾರ್ಡ್ ಹಿಡಿಯುವುದು

ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಮಾಡಲೇಬೇಕು. ನಕಲಿ ಕಾರ್ಡಿನೊಳಗೆ 8 ಜಿಬಿ ಚಿಪ್ ಇಟ್ಟು, 64 ಜಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಕ್ಯಾಮೆರಾ, ಕಂಪ್ಯೂಟರ್ ಎರಡೂ ಆ ಮಾತನ್ನು ನಂಬುತ್ತವೆ. ಮೊದಲ 8 ಜಿಬಿ ತುಂಬುವವರೆಗೆ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ತೆಗೆದ ಚಿತ್ರಗಳು ಹಳೆಯದರ ಮೇಲೆ ಬರೆದುಕೊಳ್ಳುತ್ತವೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಹೆಸರು ಕಾಣುತ್ತದೆ, ತೆರೆದರೆ ಅರ್ಧ ಬೂದು ಬಣ್ಣ.

ಪತ್ತೆ ಮಾಡಲು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಸಾಧನಗಳಿವೆ. ಖಾಲಿ ಕಾರ್ಡನ್ನು ರೀಡರಿಗೆ ಹಾಕಿ ಓಡಿಸಿದರೆ ಇವು ಇಡೀ ಕಾರ್ಡನ್ನು ತುಂಬಿ, ಮತ್ತೆ ಓದಿ, ಬರೆದದ್ದು ಹಾಗೆಯೇ ಇದೆಯೇ ಎಂದು ತಾಳೆ ನೋಡುತ್ತವೆ. ಯುಎಸ್‌ಬಿ 3 ರೀಡರ್ ಇದ್ದರೆ 64 ಜಿಬಿ ಕಾರ್ಡಿಗೆ ಒಂದು ಗಂಟೆಯ ಆಸುಪಾಸು ಹಿಡಿಯಬಹುದು. ತಪ್ಪು ಕಂಡುಬಂದರೆ ಬಿಲ್ ಜೊತೆಗೆ ವಾಪಸ್ ಕೊಡಿ. ಮರಳಿಸುವ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಆಗಬೇಕು ಎನ್ನುವುದು ಅದಕ್ಕೇ. 64 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ 59 ಜಿಬಿ ಚಿಲ್ಲರೆ ತೋರಿಸಿದರೆ ಗಾಬರಿ ಬೇಡ. ಕಾರ್ಡ್ ಮಾಡುವವರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ.

ಬ್ಯಾಟರಿ, ಕಾರ್ಡ್ ಹಾಕುವುದು

ಬ್ಯಾಟರಿಯನ್ನು ಚಾರ್ಜರಿನ ದೀಪ ಪೂರ್ತಿ ಎನ್ನುವವರೆಗೆ ಚಾರ್ಜ್ ಮಾಡಿ. ಕ್ಯಾಮೆರಾ ಆಫ್ ಇರುವಾಗಲೇ ಮುಚ್ಚಳ ತೆರೆದು ಬ್ಯಾಟರಿ ತಳ್ಳಿ, ಕೊಕ್ಕೆ ಕಚ್ಚಿಕೊಳ್ಳಬೇಕು. ಕಾರ್ಡ್ ಯಾವ ದಿಕ್ಕಿಗೆ ಹೋಗಬೇಕು ಎಂಬ ಚಿತ್ರ ಸ್ಲಾಟಿನ ಬಳಿಯೇ ಇರುತ್ತದೆ. ಕತ್ತರಿಸಿದಂತಿರುವ ಮೂಲೆ ಒಳಗೆ ಮೊದಲು ಹೋಗಬೇಕು. ಕ್ಲಿಕ್ ಎನ್ನುವವರೆಗೆ ಬೆರಳಿನಿಂದ ಒತ್ತಿ. ಅಡ್ಡಿಯಾದರೆ ಬಲ ಹಾಕಬೇಡಿ, ತಿರುಗಿಸಿ ನೋಡಿ. ಸ್ಲಾಟಿನೊಳಗಿನ ಸಣ್ಣ ಪಿನ್ನುಗಳು ಬಾಗಿದರೆ ರಿಪೇರಿ ದುಬಾರಿ. ತೆಗೆಯುವಾಗಲೂ ಎಳೆಯಬಾರದು. ಇನ್ನೊಮ್ಮೆ ಒಳಕ್ಕೆ ಒತ್ತಿ ಬಿಟ್ಟರೆ ಕಾರ್ಡ್ ತಾನೇ ಮೇಲೆ ಬರುತ್ತದೆ.

‘ಕಾರ್ಡ್ ಲಾಕ್ ಆಗಿದೆ’ ಎಂದು ಬಂದರೆ ಕಾರ್ಡಿನ ಎಡ ಅಂಚಿನಲ್ಲಿರುವ ಪುಟ್ಟ ಜಾರುಗುಂಡಿ ನೋಡಿ. ಹೆಸರಿನ ಬದಿ ನಿಮ್ಮತ್ತ ಇದ್ದು, ಕತ್ತರಿಸಿದ ಮೂಲೆ ಮೇಲಿದ್ದಾಗ ಗುಂಡಿಯೂ ಮೇಲಿರಬೇಕು, ಕೆಳಗಿದ್ದರೆ ಲಾಕ್. ಈ ಗುಂಡಿಗೂ ಒಳಗಿನ ಚಿಪ್ಪಿಗೂ ಸಂಬಂಧವೇ ಇಲ್ಲ. ಅದು ಎಲ್ಲಿದೆ ಎಂಬುದನ್ನು ಸ್ಲಾಟ್ ಮುಟ್ಟಿ ತಿಳಿಯುತ್ತದೆ, ಅಷ್ಟೇ. ಹಳೆಯ ಕಾರ್ಡಿನಲ್ಲಿ ಗುಂಡಿ ಸವೆದು ಒಳಗೆ ಹಾಕುವಾಗಲೇ ಕೆಳಗೆ ಜಾರುವುದುಂಟು. ಸೆಲ್ಲೊಟೇಪ್ ಅಂಟಿಸುವವರಿದ್ದಾರೆ. ಟೇಪ್ ಕಿತ್ತು ಸ್ಲಾಟಿನೊಳಗೆ ಸಿಕ್ಕಿಕೊಂಡರೆ ಕಷ್ಟ, ಹೊಸ ಕಾರ್ಡೇ ಮೇಲು.

ಗಡಿಯಾರ

ಮೊದಲ ಸಲ ಆನ್ ಮಾಡಿದಾಗ ಕ್ಯಾಮೆರಾ ದಿನಾಂಕ ಕೇಳುತ್ತದೆ. ಬಿಟ್ಟು ಮುಂದೆ ಹೋಗಬೇಡಿ. ಪ್ರತಿ ಚಿತ್ರದೊಳಗೂ ಎಕ್ಸಿಫ್ ಎಂಬ ಮಾಹಿತಿಯಲ್ಲಿ ಈ ಸಮಯ ದಾಖಲಾಗುತ್ತದೆ, ಹತ್ತು ವರ್ಷದ ನಂತರ ಚಿತ್ರ ಹುಡುಕಲು ಅದೇ ದಾರಿ. ವಲಯದ ಪಟ್ಟಿಯಲ್ಲಿ ದೆಹಲಿ ಅಥವಾ +5:30 ಆರಿಸಿ. ಡೇಲೈಟ್ ಸೇವಿಂಗ್ ಎಂಬುದು ಆಫ್ ಇರಲಿ, ಆನ್ ಇದ್ದರೆ ಒಂದು ಗಂಟೆ ಮುಂದೆ ಓಡುತ್ತದೆ. ಅಮೆರಿಕ, ಯುರೋಪಿನಲ್ಲಿರುವ ಬಂಧುಗಳಿಂದ ಬಂದ ಕ್ಯಾಮೆರಾ ಆದರೆ ಇದನ್ನು ಖಂಡಿತ ನೋಡಿ. ಒಂದೇ ಮದುವೆಗೆ ಎರಡು ಕ್ಯಾಮೆರಾ ಹೊರಟರೆ ಎರಡರ ಗಡಿಯಾರವನ್ನೂ ಸೆಕೆಂಡಿಗೆ ಸರಿಯಾಗಿ ಹೊಂದಿಸಿ. ಇಲ್ಲದಿದ್ದರೆ ಚಿತ್ರಗಳನ್ನು ಜೋಡಿಸುವಾಗ ಧಾರೆಗೂ ಮೊದಲೇ ಸಪ್ತಪದಿ ಬಂದು ಕೂರುತ್ತದೆ.

ಗಡಿಯಾರವನ್ನು ನಡೆಸುವುದು ಒಳಗಿನ ಇನ್ನೊಂದು ಪುಟ್ಟ ಬ್ಯಾಟರಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ದೊಡ್ಡ ಬ್ಯಾಟರಿಯಿಂದಲೇ ಚಾರ್ಜ್ ಆಗುತ್ತದೆ. ತಿಂಗಳುಗಟ್ಟಲೆ ಬ್ಯಾಟರಿ ತೆಗೆದಿಟ್ಟ ಕ್ಯಾಮೆರಾ ದಿನಾಂಕ ಮರೆಯುವುದು ಇದರಿಂದ.

ಫಾರ್ಮ್ಯಾಟ್ ಕ್ಯಾಮೆರಾದಲ್ಲೇ

ಮೆನುವಿನ ಸೆಟಪ್ ಭಾಗದಲ್ಲಿ, ಸಾಮಾನ್ಯವಾಗಿ ಸ್ಪ್ಯಾನರ್ ಅಥವಾ ಪೆಟ್ಟಿಗೆ ಗುರುತಿನ ಪುಟದಲ್ಲಿ, ‘ಫಾರ್ಮ್ಯಾಟ್ ಕಾರ್ಡ್’ ಎಂಬ ಆಯ್ಕೆ ಇರುತ್ತದೆ, ಕಾರ್ಡನ್ನು ಖಾಲಿ ಮಾಡಿ ಹೊಸದಾಗಿ ಸಜ್ಜುಗೊಳಿಸುವುದು ಇದರ ಕೆಲಸ. ಕಾರ್ಡಿನಲ್ಲಿ ಏನಾದರೂ ಇದ್ದರೆ ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡೇ ಇದನ್ನು ಒತ್ತಿ. ಫಾರ್ಮ್ಯಾಟನ್ನು ಕಂಪ್ಯೂಟರಿನಲ್ಲಿ ಮಾಡಬೇಡಿ. ಕ್ಯಾಮೆರಾ 32 ಜಿಬಿವರೆಗಿನ ಕಾರ್ಡಿಗೆ ಫ್ಯಾಟ್32, ಅದಕ್ಕಿಂತ ದೊಡ್ಡದಕ್ಕೆ ಎಕ್ಸ್‌ಫ್ಯಾಟ್ ಎಂಬ, ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ ಹಾಕುತ್ತದೆ. ವಿಂಡೋಸ್‌ನಲ್ಲಿ ತಿಳಿಯದೆ ಎನ್‌ಟಿಎಫ್‌ಎಸ್ ಎಂಬ ಬೇರೆ ವ್ಯವಸ್ಥೆ ಆರಿಸಿದರೆ ಕ್ಯಾಮೆರಾ ಅದನ್ನು ಓದುವುದೇ ಇಲ್ಲ. ಜೊತೆಗೆ ಡಿಸಿಐಎಂ ಎಂಬ ಫೋಲ್ಡರ್, ಅದರೊಳಗೆ 100ರಿಂದ ಶುರುವಾಗುವ ಉಪಫೋಲ್ಡರ್ ಬೇಕು, ಅದನ್ನೂ ಕ್ಯಾಮೆರಾವೇ ಕಟ್ಟಿಕೊಳ್ಳುತ್ತದೆ. ಒಂದು ಕ್ಯಾಮೆರಾದ ಕಾರ್ಡನ್ನು ಇನ್ನೊಂದಕ್ಕೆ ಹಾಕಿದಾಗಲೂ ಹೊಸದಾಗಿ ಫಾರ್ಮ್ಯಾಟ್ ಮಾಡಿ. ಪ್ರತಿ ಸಮಾರಂಭಕ್ಕೂ ಮೊದಲು, ಹಿಂದಿನ ಚಿತ್ರಗಳು ಎರಡು ಕಡೆ ಸೇರಿವೆ ಎಂದು ನೋಡಿಕೊಂಡ ಮೇಲೆ ಮಾಡುವುದು ಒಳ್ಳೆಯ ಅಭ್ಯಾಸ.

ಇನ್ನು ನಾಲ್ಕು ಸೆಟ್ಟಿಂಗ್

ಕಾರ್ಡ್ ಇಲ್ಲದಿದ್ದರೂ ಶಟರ್ ಒತ್ತಲು ಬಿಡುವ ಆಯ್ಕೆಯನ್ನು ಮೊದಲು ಆಫ್ ಮಾಡಿ. ಅಂಗಡಿಯಲ್ಲಿ ಕ್ಯಾಮೆರಾ ತೋರಿಸಲು ಅನುಕೂಲವಾಗಲೆಂದು ಇಟ್ಟ ಸೌಲಭ್ಯ ಅದು. ಆನ್ ಇದ್ದರೆ ಕಾರ್ಡ್ ಮನೆಯ ಲ್ಯಾಪ್‌ಟಾಪಿನಲ್ಲೇ ಉಳಿದಿದ್ದರೂ ಕ್ಯಾಮೆರಾ ಕ್ಲಿಕ್ ಎನ್ನುತ್ತಲೇ ಇರುತ್ತದೆ, ಒಂದು ಚಿತ್ರವೂ ಉಳಿಯುವುದಿಲ್ಲ.

ಫೈಲ್ ಸಂಖ್ಯೆ ಮುಂದುವರಿಯುವಂತೆ ಇಡಿ. ಪ್ರತಿ ಸಲ 0001ರಿಂದ ಶುರುವಾದರೆ ಒಂದೇ ಹೆಸರಿನ ಚಿತ್ರಗಳು ಕಂಪ್ಯೂಟರಿನ ಒಂದೇ ಫೋಲ್ಡರಿಗೆ ಬಂದು, ಕೇಳಿದ ಪ್ರಶ್ನೆಗೆ ಅವಸರದಲ್ಲಿ ‘ರೀಪ್ಲೇಸ್’ ಒತ್ತಿದರೆ ಹಳೆಯದು ಅಳಿಯುತ್ತದೆ.

ಗುಣಮಟ್ಟ ಲಾರ್ಜ್, ಫೈನ್ ಇರಲಿ. ಎಡಿಟ್ ಮಾಡುವ ಆಸಕ್ತಿ ಇದ್ದರೆ ರಾ ಮತ್ತು ಜೆಪೆಗ್ ಎರಡೂ. ಬಣ್ಣದ ವ್ಯಾಪ್ತಿ ಎಸ್‌ಆರ್‌ಜಿಬಿ. ಅಡೋಬಿ ಆರ್‌ಜಿಬಿ ಆರಿಸಿದ ಚಿತ್ರಗಳು ಬಣ್ಣ ಸರಿಯಾಗಿ ಓದದ ಸಾಧನಗಳಲ್ಲಿ ಪೇಲವವಾಗಿ ಕಾಣುತ್ತವೆ.

ವಿಡಿಯೊ ವ್ಯವಸ್ಥೆ ಪಾಲ್ ಇರಲಿ, ಅಂದರೆ ಸೆಕೆಂಡಿಗೆ 25 ಅಥವಾ 50 ಫ್ರೇಮ್. ನಮ್ಮ ಕರೆಂಟ್ 50 ಹರ್ಟ್ಜ್. ಕ್ಯಾಮೆರಾ 30 ಅಥವಾ 60ರಲ್ಲಿದ್ದರೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ವಿಡಿಯೊದಲ್ಲಿ ಬೆಳಕು ಮಿಡಿಯುತ್ತದೆ, ಪಟ್ಟಿ ಹರಿಯುತ್ತದೆ. ಶಟರ್ ವೇಗ 1/50 ಇಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ಇಡೀ ರಾತ್ರಿಯ ಯಕ್ಷಗಾನ ರೆಕಾರ್ಡ್ ಮಾಡುವವರು ಇನ್ನೊಂದು ತಿಳಿದಿರಬೇಕು. ಅನೇಕ ಹಳೆಯ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ. ಅರ್ಧ ಗಂಟೆ ಮೀರಿದರೆ ಯುರೋಪಿನ ಸುಂಕದಲ್ಲಿ ಅದು ವಿಡಿಯೊ ಕ್ಯಾಮೆರಾ ಎನಿಸಿಕೊಳ್ಳುತ್ತಿತ್ತು, ಆ ಮಿತಿ ಬಂದದ್ದು ಅಲ್ಲಿಂದ. ಪದ್ಯದ ನಡುವೆ ನಿಲ್ಲುವ ಮೊದಲು, ಭಾಗವತರು ಬಿಡುವು ಕೊಟ್ಟಾಗ ನೀವೇ ನಿಲ್ಲಿಸಿ ಮತ್ತೆ ಒತ್ತಿ.

ಇಷ್ಟಾದ ಮೇಲೆ ಹತ್ತು ಚಿತ್ರ, ಎರಡು ನಿಮಿಷದ ವಿಡಿಯೊ ತೆಗೆದು, ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಎಲ್ಲ ತೆರೆಯುತ್ತವೆಯೇ, ದಿನಾಂಕ ಸರಿಯಿದೆಯೇ ನೋಡಿ.

ಬಳಸುವಾಗ

ಕಾರ್ಡ್ ಮುಚ್ಚಳದ ಬಳಿ ಅಥವಾ ಹಿಂಬದಿಯಲ್ಲಿ ಪುಟ್ಟ ದೀಪ ಮಿನುಗುತ್ತಿದ್ದರೆ ಬರೆಯುವ ಕೆಲಸ ನಡೆಯುತ್ತಿದೆ ಎಂದರ್ಥ. ಆಗ ಕಾರ್ಡ್, ಬ್ಯಾಟರಿ ಯಾವುದನ್ನೂ ಮುಟ್ಟಬೇಡಿ. ಕಾರ್ಡ್ ಹಾಳಾಗಲು ಇದೂ ಒಂದು ಕಾರಣ. ಬ್ಯಾಟರಿ ಕೊನೆಯ ಗೆರೆಗೆ ಬಂದಾಗಲೂ ಅಪಾಯ ಅದೇ, ಬರೆಯುವ ಮಧ್ಯೆ ಕರೆಂಟ್ ಹೋದರೆ ಚಿತ್ರಗಳ ಪಟ್ಟಿಯೇ ಕೆಡಬಹುದು.

ಮಲೆನಾಡು, ಕರಾವಳಿಯ ಮಳೆಗಾಲ ಕಾರ್ಡಿಗಿಂತ ಲೆನ್ಸಿಗೆ ಹೆಚ್ಚು ಕಷ್ಟ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ಶೇ 40ರಿಂದ 50ರಷ್ಟು ಇರುವಂತೆ ನೋಡಿಕೊಳ್ಳಿ. ಚರ್ಮದ ಚೀಲ, ಬಟ್ಟೆಯ ಬೀರು ಎರಡೂ ಬೂಷ್ಟು ಸಾಕುವ ಜಾಗಗಳು. ಎಸಿ ಕಾರಿನಿಂದ ಇಳಿದು ಸಮುದ್ರದ ಗಾಳಿಗೆ ಬಂದಾಗ ಕ್ಯಾಮೆರಾ ಚೀಲದೊಳಗೇ ಅರ್ಧ ಗಂಟೆ ಇರಲಿ, ಇಲ್ಲದಿದ್ದರೆ ಗಾಜಿನ ಮೇಲೆ ಹನಿಗಟ್ಟುತ್ತದೆ.

ಚಿತ್ರ ಕಾಣದಾದರೆ

ಡಿಲೀಟ್ ಒತ್ತಿದಾಗ ಚಿತ್ರ ತಕ್ಷಣ ಅಳಿಯುವುದಿಲ್ಲ. ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯದ ಹೆಸರು ಹೊಡೆದುಹಾಕಿದಂತೆ, ಪುಟಗಳು ಅಲ್ಲಿಯೇ ಇರುತ್ತವೆ, ಮೇಲೆ ಹೊಸದು ಬರೆಯುವವರೆಗೆ. ಮಾಮೂಲಿ ಫಾರ್ಮ್ಯಾಟಿನ ನಂತರವೂ ಹೆಚ್ಚಾಗಿ ಹೀಗೆಯೇ. ಕಾರ್ಡಿನಲ್ಲಿರುವುದನ್ನೆಲ್ಲ ಅಳಿಸುವ ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದ್ದರೆ ಆಸೆ ಕಡಿಮೆ.

ಆದ್ದರಿಂದ ತಪ್ಪು ಗೊತ್ತಾದ ಕ್ಷಣವೇ ಆ ಕಾರ್ಡಿನಲ್ಲಿ ಚಿತ್ರ ತೆಗೆಯುವುದನ್ನು ನಿಲ್ಲಿಸಿ. ಕಾರ್ಡ್ ಹೊರತೆಗೆದು ಜಾರುಗುಂಡಿ ಲಾಕ್ ಮಾಡಿ, ಬೇರೆ ಕಾರ್ಡಿನಲ್ಲಿ ಕೆಲಸ ಮುಂದುವರಿಸಿ. ಕಂಪ್ಯೂಟರಿಗೆ ಹಾಕಿದಾಗ ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಪರಿವಿಡಿಯನ್ನು ನಂಬದೆ ಚಿತ್ರದ ಆರಂಭದ ಗುರುತನ್ನೇ ಹುಡುಕಿ ಎತ್ತುತ್ತದೆ. ಹಾಗಾಗಿ ಹಳೆಯ ಹೆಸರುಗಳು ಬರುವುದಿಲ್ಲ, ಆದರೆ ಎಕ್ಸಿಫ್‌ನಲ್ಲಿ ದಿನಾಂಕ ಇರುತ್ತದೆ. ಸಿಕ್ಕ ಚಿತ್ರಗಳನ್ನು ಎಂದೂ ಅದೇ ಕಾರ್ಡಿಗೆ ಉಳಿಸಬೇಡಿ, ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಫೋಲ್ಡರ್ ತೋರಿಸಿ. ಕಂಪ್ಯೂಟರಿಗೆ ಕಾರ್ಡ್ ಕಾಣಿಸುವುದೇ ಇಲ್ಲವೆಂದರೆ ಮೊದಲು ಬೇರೆ ರೀಡರ್ ಬಳಸಿ ನೋಡಿ. ಆಗಲೂ ಕಾಣದಿದ್ದರೆ ತಂತ್ರಾಂಶದಿಂದ ಆಗುವುದಿಲ್ಲ, ಚಿಪ್ ಬಿಚ್ಚಿ ಓದುವ ಡೇಟಾ ರಿಕವರಿ ಕೇಂದ್ರಕ್ಕೇ ಒಯ್ಯಬೇಕು. ಚಿತ್ರಗಳು ಸಿಕ್ಕಿದರೂ ಆ ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಬೇಡಿ.